ತಿದ್ದಿದ ಮಾನಪತ್ರ

ಚಾಮರಾಜಪೇಟೆ,
ಬೆಂಗಳೂರು
೧೬-೭-೧೯೯೭

ಮಗಳು ಮೋನಿಷಾಗೆ ನಿನ್ನ ಅಪ್ಪ ಪ್ರೀತಿಯಿಂದ ಬರೆಯುವುದು.

ನಾವು ಕ್ಷೇಮ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಳ್ಳಬೇಡ. ರಿಟೈರ್ ಆಗಿ ಹದಿನಾರು ದಿನವಾಯಿತು, ಪುರುಸೊತ್ತಿಗೇನೂ ಬರವಿಲ್ಲ, ಮನಸ್ಸು ಕೆಟ್ಟಿತ್ತು. ನಿನ್ನಮ್ಮನ ಮಂಡಿನೋವು ಕಡಿಮೆ. ನೀನು ಹೇಳಿದ ಮಾತ್ರೆ ನುಂಗಿ, ಡಾಕ್ಟರ್ ಓದುವ ಮಗಳು ಹೇಳಿದ್ದು ಎಂದು ಬೀದಿಗೆಲ್ಲ ಸಾರುತ್ತಾಳೆ.

ಬೀಳ್ಕೊಡುಗೆ ಹೇಗಾಯಿತು ಎಂದು ನೀನು ಕೇಳಿದ್ದೆ. ಅಸಹ್ಯವಾಗಿ ಆಯಿತು. ನಮ್ಮ ಆಫೀಸಿನಲ್ಲಿ ಯಾರೇ ರಿಟೈರ್ ಆಗಲಿ, ಇಂಗ್ಲಿಷಿನಲ್ಲಿ ಒಂದು ಮಾನಪತ್ರ ಓದಿ, ಕಟ್ಟು ಹಾಕಿಸಿ ಕೊಡುವುದು ಪದ್ಧತಿ. ಇಪ್ಪತ್ತೆಂಟು ವರ್ಷ ಅವನ್ನೆಲ್ಲ ಟೈಪ್ ಮಾಡಿದವನು ನಾನೇ. ಒಕ್ಕಣೆ ಒಂದೇ, ಹೆಸರು ಮಾತ್ರ ಬೇರೆ. ಇಂಥವರು ನಮ್ಮಲ್ಲಿದ್ದರು ಎನ್ನಲು ನಾವು 'ಪ್ರೌಡ್' ಎಂಬ ಸಾಲು ಎಲ್ಲರದ್ದರಲ್ಲೂ ಇತ್ತು. ಲಂಚ ತಿಂದು ಸಸ್ಪೆಂಡ್ ಆಗಿ ಬಂದ ಮುನಿಸ್ವಾಮಿಯದ್ದರಲ್ಲೂ ಇತ್ತು. ಬೇರೆ ಟೈಪಿಸ್ಟ್ ಇಲ್ಲದ ಕಾರಣ ನನ್ನದನ್ನೂ ನಾನೇ ಟೈಪ್ ಮಾಡಿದೆ.

ಸೂಪರಿಂಟೆಂಡೆಂಟ್ ಗಂಗಾಧರಯ್ಯ ಅದನ್ನು ನೋಡಿ, 'ಪ್ರೌಡ್' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಪ್ಲೀಸ್ಡ್' ಎಂದು ಬರೆದರು.

"ಯಾಕ್ ಸಾರ್, ಎಲ್ಲಾರಿಗೂ ಪ್ರೌಡ್ ಅಂತಾನೇ ಹಾಕ್ತಿದ್ವಲ್ಲ?" ಎಂದೆ.

"ಎರಡೂ ಒಂದೇ ಕಣಯ್ಯಾ. ಸಂತೋಷ ಅಂದ್ರೆ ಸಾಲ್ದಾ ನಿಂಗೆ?" ಅಂದರು.

ಒಂದೇ ಆಗಿದ್ದರೆ ತಿದ್ದುವುದೇಕೆ? ಕಾಫಿ ಚೆನ್ನಾಗಿದ್ದರೂ ಸಂತೋಷಪಡಬಹುದು. ಹೆಮ್ಮೆಪಡಬೇಕಾದರೆ ಇವನು ನಮ್ಮವನು ಎಂದು ಮೊದಲು ಒಪ್ಪಬೇಕು. ನಮ್ಮ ಜಾತಿಯವನನ್ನು ಹಾಗೆ ಒಪ್ಪಲು ಆ ಮನುಷ್ಯನಿಗೆ ಮನಸ್ಸಾಗಲಿಲ್ಲ. ಥೂ ಅನ್ನಿಸಿತು. ಅದಕ್ಕಿಂತ ಹೇಸಿಗೆ ನನ್ನ ಮೇಲೆಯೇ. ಹೊಸ ಹಾಳೆಯಲ್ಲಿ ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿಕೊಟ್ಟೆ, ಹಾರ ಹಾಕಿಸಿಕೊಂಡೆ, ಬೋಂಡಾ ತಿಂದೆ, ಎಲ್ಲರಿಗೂ ಕೈಮುಗಿದೆ.

ನಿನ್ನಮ್ಮನಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ. ಅವೆನ್ಯೂ ರಸ್ತೆಯಲ್ಲಿ ಕಟ್ಟು ಹಾಕಿಸಿದ ಅದನ್ನು ಸೆರಗಿನಿಂದ ಒರೆಸಿ, "ಬುದ್ಧನ ಫೋಟೋ ಪಕ್ಕದಲ್ಲೇ ಹಾಕಿ, ಬಂದೋರು ನೋಡ್ಲಿ" ಅಂದಳು. ಸರಿಯಾದ ಮೊಳೆ ಸಿಗಲಿಲ್ಲ ಎಂದು ದಿನಾ ಸುಳ್ಳು ಹೇಳುತ್ತಿದ್ದೇನೆ. ಸದ್ಯಕ್ಕೆ ಬೀರುವಿನ ಹಿಂದೆ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಲಿತ ವಿದ್ಯೆ ನಿನ್ನ ಕೈಬಿಡದಿರಲಿ, ತಲೆಯೆತ್ತಿ ಬಾಳು.

ನಿನ್ನ ಅಪ್ಪ,
ಓಬಳಪ್ಪ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮಾರ್ಚಿನಲ್ಲಿ ನಾನು ಹುಬ್ಬಳ್ಳಿಯ ಹಾಸ್ಟೆಲಿಗೆ ಬಂದಾಗ ನೀನು ಓಡಿಬಂದು ನನ್ನ ಕೈ ಹಿಡಿದುಕೊಂಡೆ. ಆ ಸಂತೋಷ ಸುಳ್ಳಲ್ಲ. ಹೊರಟವನು ಗೇಟಿನ ಆಚೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. ಬಂದಿದ್ದು ಯಾರು ಎಂದು ನಿನ್ನ ಗೆಳತಿ ಕೇಳಿದಳು. "ನಮ್ ಬೀದಿಯೋರು, ಮನೆಯಿಂದ ಡಬ್ಬಿ ತಂದ್ಕೊಟ್ರು" ಅಂದೆ ನೀನು. ಗಂಗಾಧರಯ್ಯ ಕೆಂಪು ಗೀಟು ಎಳೆದಾಗ ನನ್ನ ಕಿವಿಯಲ್ಲಿ ಆ ಮಾತೇ ಇತ್ತಮ್ಮ. ಅದಕ್ಕೇ ಎರಡನೇ ಸಲ ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.