ಚಾಲಕನ ಹೆಸರಿನ ಕಾಲಂ

ಬಳ್ಳಾರಿ
12 ಆಗಸ್ಟ್ 2008

ಮಾನ್ಯ ಚಿದಾನಂದಪ್ಪನವರಿಗೆ ನಮಸ್ಕಾರ.

ನಿಮ್ಮ ಅದಿರು ಲಾರಿಗಳ ಓಡಾಟ ದಾಖಲಿಸುವ ಸಾಫ್ಟ್‌ವೇರ್‌ಗೆ ಬ್ರೂಸ್‌ಪೇಟೆ ಆಫೀಸಿನಲ್ಲಿ ಒಂದು ಸರ್ವರ್, ಕರೆಂಟ್ ಹೋದರೆ ಎರಡು ತಾಸು ನಡೆಸುವ ಯುಪಿಎಸ್ ಸಾಕು. ಕೆಂಪು ಧೂಳು ಬಾರದಂತೆ ಆ ಕೋಣೆಯ ಕಿಟಕಿ ಮುಚ್ಚಿಸಿರಿ. ದಿನದ ಮಾಹಿತಿಯ ಇನ್ನೊಂದು ಪ್ರತಿ ನಿಮ್ಮ ಕುರುಗೋಡಿನ ಮನೆಯಲ್ಲಿರಲಿ.

ಡೇಟಾಬೇಸ್‌ನಲ್ಲಿ ಚಾಲಕರ ಹೆಸರು, ಊರು, ಮನೆಯ ಫೋನ್ ನಂಬರ್ ಯಾಕೆಂದು ಕೇಳಿದಿರಿ. “ಡ್ರೈವರ್‌ಗಳು ದಿನಾ ಬದಲಾಗ್ತಾರಮ್ಮ, ಲಾರಿ ನಂಬರ್ ಇದ್ರ ಸಾಕು” ಎಂದಿರಿ. ಅದೊಂದನ್ನು ನಾನು ಒಪ್ಪಲಾರೆ.

ಹೋದ ವರ್ಷ ಬೇರೊಂದು ಕಂಪನಿಯ ಲಾರಿ ಉರುಳಿತು. ಅವರಲ್ಲೂ ಇದ್ದದ್ದು ಲಾರಿ ನಂಬರ್ ಮಾತ್ರ. ಸತ್ತ ಚಾಲಕ ಮೂರು ದಿನ ಶವಾಗಾರದಲ್ಲಿ ಹೆಸರಿಲ್ಲದೆ ಮಲಗಿದ್ದ. ಸಿರುಗುಪ್ಪದಲ್ಲಿ ಅವನ ತಾಯಿ ಮೂರೂ ದಿನ ಅವನ ಪಾಲಿನ ಊಟ ಎತ್ತಿಟ್ಟಳು. ಕೊನೆಗೆ ಆ ಆಫೀಸನ್ನು ಹುಡುಕಿಕೊಂಡು ಬಂದು, “ನಿಮಗ ಗೊತ್ತಿಲ್ಲಂದ್ರ ನಾ ಹೇಳ್ತೀನ್ರಿ, ವಸೀಮ್ ಅಂತ ಬರಕೊಳ್ರಿ” ಎಂದಳು.

ಪಕ್ಕದಲ್ಲಿ ನಾನಿದ್ದೆ. ವಸೀಮ್ ನನ್ನ ಅಣ್ಣ.

ಒಪ್ಪದಿದ್ದರೆ ಈ ಕೆಲಸ ಬೇರೆಯವರಿಗೆ ಕೊಡಿ, ನನಗೆ ಬೇಸರವಿಲ್ಲ. ಒಪ್ಪಿದರೆ ಸೋಮವಾರ ಚಾಲಕರನ್ನೆಲ್ಲ ಕರೆಸಿರಿ. ಒಬ್ಬೊಬ್ಬರನ್ನೂ ಕೇಳಿ ನಾನೇ ಹೆಸರು ತುಂಬುತ್ತೇನೆ.

ಇಂತಿ,
ಮುಸ್ಕಾನ್