ಮಣಿಕಟ್ಟಿನ ದಾರ

ಫೆಬ್ರವರಿ 3

ಅಂಗಡಿ ತೆಗೆದೆ. ದೊಡ್ಡಗಾಜನೂರಿನಿಂದ ಹುಲ್ಲು ಕತ್ತರಿಸುವ ಎರಡು ಮೆಷಿನ್ ಬಂದಿವೆ. ಒಂದರ ಕಾರ್ಬುರೇಟರ್ ಕಟ್ಟಿಕೊಂಡಿದೆ. ಇನ್ನೊಂದನ್ನು ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿರುವ ಮೆಕ್ಯಾನಿಕ್ ಮರಿಯದಾಸನೇ ನೋಡಬೇಕು.

ಫೋನಿಗೆ ಪೊಲೀಸರ ಮೆಸೇಜು. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ್ದಕ್ಕೆ ನನ್ನ ಮೇಲೆ ಕೇಸು. ಫೋಟೊದಲ್ಲಿರುವವನು ಮರಿಯದಾಸ. ನಗುತ್ತಿದ್ದಾನೆ. ಬೈಕು ನನ್ನ ಹೆಸರಲ್ಲಿದೆ. ಅವನ ಸಿಮ್ಮು, ಗ್ಯಾಸು, ಮನೆಯ ಮೀಟರು ಎಲ್ಲವೂ. ಸಿಲೋನಿನಿಂದ ದೋಣಿಯಲ್ಲಿ ಬಂದವನು. ಮೂವತ್ತೈದು ವರ್ಷವಾಯಿತು, ಕಾಗದದಲ್ಲಿ ಇವತ್ತಿಗೂ ನಿರಾಶ್ರಿತ. ಇಲ್ಲಿಯವಳನ್ನೇ ಮದುವೆಯಾದ, ಇಲ್ಲಿಯ ಮಾತು ಕಲಿತ. ಹೆಸರು ಮಾತ್ರ ಎಲ್ಲೂ ನಡೆಯುವುದಿಲ್ಲ. ನನ್ನದನ್ನು ಕೊಡುತ್ತಾ ಬಂದೆ. ಅದೊಂದು ದೊಡ್ಡತನ ಎಂದುಕೊಂಡಿದ್ದೆ.

ಮಧ್ಯಾಹ್ನ ಅಂಚೆಯಲ್ಲಿ ಒಂದು ಕಾಗದ. ಈರೋಡಿನ ಒಂದು ಎಂಜಿನಿಯರಿಂಗ್ ಕಾಲೇಜಿನದು. ಹರಿಗೋಲಿಗೆ ಮೋಟಾರು ಕಂಡುಹಿಡಿದ ಶ್ರೀ ಉಮಾಶಂಕರ ಅವರಿಗೆ ಸನ್ಮಾನ. ಅಂದರೆ ನನಗೆ.

ಡಿಸೈನ್ ರಿಜಿಸ್ಟರ್ ಆಗಿದ್ದೂ ನನ್ನ ಹೆಸರಲ್ಲೇ.

ಫೆಬ್ರವರಿ 4

ಮರಿಯದಾಸ ಮಾಡಿದ್ದನ್ನು ಒಮ್ಮೆಯಾದರೂ ಸರಿಯಾಗಿ ಬರೆದಿಡಬೇಕು.

ಹುಲ್ಲಿನ ಮೆಷಿನ್ನಿನ ಉದ್ದ ಕೊಳವೆಯ ತುದಿಯಿಂದ ಬ್ಲೇಡು ಬಿಚ್ಚಿದ. ಸಣ್ಣ ಫ್ಯಾನು ಕೂರಿಸಿದ. ನೀರಿಗೆ ಇಳಿಬಿಟ್ಟ. ಹರಿಗೋಲು ದುಂಡಗಿನದು, ಇದ್ದಲ್ಲೇ ಗಿರಗಿರ ತಿರುಗಿತು. ಘಾಟಿಯ ಕೆಳಗಿನ ಡ್ಯಾಮಿನ ಮೀನುಗಾರರು ದಡದಲ್ಲಿ ನಿಂತು ನಕ್ಕರಂತೆ. ಹನ್ನೊಂದು ತಿಂಗಳು, ಪ್ರತಿ ಭಾನುವಾರ, ಘಾಟಿ ಇಳಿದು ಹೋದ. ಕೊನೆಗೆ ತಳಕ್ಕೆ ಮೀನಿನ ರೆಕ್ಕೆಯಂಥ ಹಲಗೆ ಕಟ್ಟಿದ. ನೇರ ಹೋಯಿತು. ಈಗ ಆ ನೀರಿನಲ್ಲಿ ಹುಟ್ಟು ಹಾಕುವವರೇ ಕಡಿಮೆ.

ಇನ್ನು ದಾರ. ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ಓಡಿಸುವವನ ಮಣಿಕಟ್ಟಿಗೆ. ಮನುಷ್ಯ ನೀರಿಗೆ ಬಿದ್ದರೆ ದಾರ ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ. ದಾರವಿಲ್ಲದೆ ಒಂದು ಮೋಟಾರನ್ನೂ ಕೊಡುವುದಿಲ್ಲ. ಯಾಕೆಂದು ಒಂದೇ ಸಲ ಹೇಳಿದ್ದ, ಸ್ವಿಚ್ಚಿಗೆ ಅರ ಉಜ್ಜುತ್ತಾ. ತೊಂಬತ್ತರಲ್ಲಿ ಸಿಲೋನಿನ ಪೇಸಾಲೈಯಿಂದ ಹೊರಟ ದೋಣಿ. ಎಂಜಿನ್ ಹಿಡಿದಿದ್ದವನು ಇವನ ತಮ್ಮ. ಅಲೆಗೆ ಜಾರಿ ಬಿದ್ದ. ದೋಣಿ ತಾನಾಗಿ ಓಡುತ್ತಲೇ ಇತ್ತು. ಜನರ ಮೇಲೆ ತೆವಳಿಕೊಂಡು ಹೋಗಿ ಇವನು ಎಂಜಿನ್ ನಿಲ್ಲಿಸುವ ಹೊತ್ತಿಗೆ ಹಿಂದೆ ಬರೀ ನೀರು.

ಹೇಳುವಾಗ ಅರ ನಿಲ್ಲಲಿಲ್ಲ. ನಾನು ಏನೂ ಕೇಳಲಿಲ್ಲ.

ಫೆಬ್ರವರಿ 9

ಸನ್ಮಾನದ ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ಸ್ಪ್ರೇಯರ್ ರಿಪೇರಿಗೆ ಬಂದ ಪಣಕಹಳ್ಳಿಯ ಬಿಳಿಗಿರಿ ಬಾಗಿಲಲ್ಲೇ ಶುರುಮಾಡಿದ.

"ಏನಣ್ಣೋ, ಕೆರೆ ಏರಿ ಮೇಲ್ ನಡ್ಯಕ್ಕೂ ಎದ್ರೋನು ನೀನು. ದೋಣಿ ಮೋಟ್ರು ಕಂಡಿಡ್ದಿದೀಯಂತೆ ಕಣ! ಎಲ್ಲಿ, ನಿಮ್ಮನೆ ಬಚ್ಲಲ್ಲಾ?"

ಮರಿಯದಾಸನೇ ಜೋರಾಗಿ ನಕ್ಕ. ನಾನೂ ನಕ್ಕೆ. ಏನಾದರೂ ಮಾಡಬೇಕಿತ್ತಲ್ಲ.

ಪ್ರಮೀಳಾ ಊಟಕ್ಕೆ ಬಡಿಸುತ್ತಾ, "ಸ್ಟೇಜ್ ಮೇಲೆ ನಿಂತ್ಕಂಡು ಏಳ್ಬುಡಿ, ಮಾಡ್ದೋರು ಅವ್ರು ಅಂತ. ಎಷ್ಟೊತ್ತಿನ್ ಕೆಲ್ಸ?" ಎಂದಳು. ಹೆಂಡತಿಗೆ ಎಲ್ಲವೂ ಅಷ್ಟೊತ್ತಿನ ಕೆಲಸ.

ಸಂಜೆ ಪರಿಮಳ ಬಂದಳು. ಮರಿಯದಾಸನ ಮಗಳು, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕೂರಲಿಲ್ಲ.

"ಮಾಮ, ಶಾಲು ಆರ ನೀವೇ ಆಕಿಸ್ಕಳಿ. ಅಪ್ಪನ್ ಎಸ್ರು ಒಂದ್ಸಲ ಮೈಕಲ್ಲಿ ಏಳಿ. ಒಂದೇ ಒಂದ್ಸಲ."

"ಹೇಳ್ತೀನಮ್ಮ."

"ಚಿತ್ತಪ್ಪಂದೂ."

"ಆಗ್ಲಿ."

ಅವಳು ಹೋದ ಮೇಲೆ ಹೊಳೆಯಿತು. ಅವಳ ಚಿಕ್ಕಪ್ಪನ ಹೆಸರು ನನಗೆ ಗೊತ್ತಿಲ್ಲ. ಮರಿಯದಾಸನನ್ನು ನಾಳೆ ಕೇಳಬೇಕು.

ಫೆಬ್ರವರಿ 16

ಕೇಳಲಿಲ್ಲ.

ಸಮಾರಂಭ ಶುಕ್ರವಾರ ಆಯಿತು. ಎರಡು ದಿನ ಈ ನೋಟ್‌ಬುಕ್ಕು ಮುಟ್ಟಲಾಗಲಿಲ್ಲ.

ಮರಿಯದಾಸ ಮೋಟಾರನ್ನು ಹೆಗಲ ಮೇಲೆ ಹೊತ್ತು ತಂದ. ಗೇಟಿನಲ್ಲಿ ಅವನ ಕೊರಳಿಗೆ ಒಂದು ಕಾರ್ಡು ಹಾಕಿದರು: ಹೆಲ್ಪರ್. ಅದನ್ನು ತಿರುಗಿಸಿ ನೋಡಿದ, ಮತ್ತೆ ಎದೆಯ ಮೇಲೆ ಬಿಟ್ಟುಕೊಂಡ. ಹಿಂದಿನ ಸಾಲಿನಲ್ಲಿ ಕುಳಿತ.

ನನ್ನ ಜೇಬಿನಲ್ಲಿ ಚೀಟಿ ಇತ್ತು. ಅವನ ಹೆಸರು ಬರೆದುಕೊಂಡಿದ್ದೆ... ಮರೆತುಹೋಗುತ್ತದೇನೋ ಎಂಬಂತೆ. ಮಾತಾಡಲು ಎದ್ದೆ. ಮುಂದಿನ ಸಾಲಿನ ಒಬ್ಬ ಪ್ರೊಫೆಸರು, ತಮಿಳಿನಲ್ಲಿ, ತುಂಬ ಗೌರವದಿಂದ ಕೇಳಿದರು: ಈ ದಾರದ ಯೋಚನೆ ನಿಮಗೆ ಹೇಗೆ ಬಂತು?

ನಿಮಗೆ ಎಂದರು. ಅಲ್ಲಿ ಒಂದು ಕ್ಷಣ ಇತ್ತು. ಎಷ್ಟು ಉದ್ದದ್ದು ಎಂದು ಈಗಲೂ ಹೇಳಬಲ್ಲೆ. ಒಂದು ಹೆಸರು ಹೇಳುವಷ್ಟು.

ನಾನು ಹೇಳಿದೆ: ನಮ್ಮಜ್ಜಿ ಎಮ್ಮೆ ಮೇಯಿಸುವಾಗ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮರದಡಿ ನಿದ್ದೆ ಹೋಗುತ್ತಿದ್ದಳು. ಎಮ್ಮೆ ಪಕ್ಕದ ಹೊಲಕ್ಕೆ ನುಗ್ಗಿದರೆ ಎಚ್ಚರವಾಗುತ್ತಿತ್ತು. ಅದನ್ನು ನೋಡಿ...

ಸಭೆ ನಕ್ಕಿತು. ಚಪ್ಪಾಳೆ. ನಮ್ಮಜ್ಜಿ ಎಮ್ಮೆ ಮೇಯಿಸಿದವಳೇ ಅಲ್ಲ. ನಕ್ಕ ಸಭೆಯ ಮುಂದೆ ಮುಳುಗಿದವನೊಬ್ಬನನ್ನು ತರುವುದು ಹೇಗೆ? ತರಲಿಲ್ಲ. ಯಾರ ಹೆಸರನ್ನೂ ತರಲಿಲ್ಲ. ಮರಿಯದಾಸನ ಹೆಸರನ್ನು ನುಂಗಿದ್ದು ಇವತ್ತಿನದಲ್ಲ. ತಮ್ಮನ ಸಾವಿನ ಜಾಗದಲ್ಲಿ ಎಮ್ಮೆ ಕಟ್ಟಿದ್ದು ಮಾತ್ರ ಶುಕ್ರವಾರ, ಹನ್ನೊಂದೂವರೆ ಗಂಟೆಗೆ.

ಹಿಂದಿನ ಸಾಲಿನಲ್ಲಿ ಮರಿಯದಾಸ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.

ವಾಪಸು ಬಸ್ಸಿನಲ್ಲಿ ದಿಂಬಂ ಘಾಟಿ. ಪಕ್ಕದಲ್ಲೇ ಕುಳಿತಿದ್ದ. "ಎಮ್ಮೆ ಕತೆ ಚೆನ್ನಾಗಿತ್ತು ಮುದಲಾಳಿ" ಎಂದ. ಅವನ ಕಡೆಯಲ್ಲಿ ಅಂಗಡಿ ಯಜಮಾನನನ್ನು ಹಾಗೆ ಕರೆಯುತ್ತಾರೆ. ಚುಚ್ಚಿದ್ದೇ ಎಂದು ಮುಖ ನೋಡಿದೆ. ಅಲ್ಲ. ಉಳಿದ ದಾರಿಯುದ್ದಕ್ಕೂ ತಿರುವು ಎಣಿಸಿದೆ.

ಫೆಬ್ರವರಿ 17, ಸಂಜೆ

ಪರಿಮಳ ಬಂದಳು. ಉತ್ತರ ಸಿದ್ಧ ಮಾಡಿಕೊಂಡಿದ್ದೆ: ಟೈಮ್ ಸಾಲಲಿಲ್ಲಮ್ಮ.

ಬಾಕ್ಸಿನಲ್ಲಿ ಮೈಸೂರ್‌ಪಾಕು ತಂದಿದ್ದಳು.

"ತಕಳಿ ಮಾಮ. ಅಪ್ಪ ಏಳ್ತು. ಅಪ್ಪಂದು, ಚಿತ್ತಪ್ಪಂದು ಎರಡ್ ಎಸ್ರೂ ಏಳುದ್ರಂತೆ. ಎಲ್ಲಾ ಎದ್ ನಿಂತ್ಕಂಡ್ ಚಪ್ಪಾಳೆ ಒಡುದ್ರಂತೆ. ಅವ್ವ ಅತ್ತೇ ಬುಟ್ಳು."

ನಾನು ತೆಗೆದುಕೊಂಡೆ. ತಿಂದೆ.

"ವೀಡಿಯೊ ಆಕ್ತಾರಂತೆ ಕಾಲೇಜೋರು. ಬಂದ್ ತಕ್ಷಣ ಇಲ್ಗೇ ತತ್ತೀನಿ, ಒಟ್ಗೆ ನೋಡವ."

ಅಂಗಡಿಯ ಒಳಗೆ ಮರಿಯದಾಸ ಪ್ಲಗ್ಗು ತಿಕ್ಕುತ್ತಿದ್ದ. ತಲೆ ಎತ್ತಲಿಲ್ಲ.

ಫೆಬ್ರವರಿ 22

ಐದು ದಿನ. ದಿನಕ್ಕೆ ಹತ್ತು ಸಲ ಕಾಲೇಜಿನ ಪೇಜು ನೋಡುತ್ತೇನೆ. ಇನ್ನೂ ಹಾಕಿಲ್ಲ. ಹಾಕದಿರಲಿ ಎಂದು ದೇವರನ್ನು ಕೇಳಿಕೊಂಡೆ. ದೇವರನ್ನು ಏನಾದರೂ ಕೇಳಿ ಎಷ್ಟೋ ವರ್ಷವಾಗಿತ್ತು; ಕೇಳಿದ್ದು ಇದನ್ನು.

ಫೆಬ್ರವರಿ 24, ಬೆಳಗ್ಗೆ 10

ಅಂಗಡಿ ತೆಗೆದ ಕೂಡಲೇ ಅವನನ್ನು ಕೇಳಿದೆ. ಮಗಳಿಗೆ ಯಾಕೆ ಸುಳ್ಳು ಹೇಳಿದೆ ಎಂದು.

ಹೊಸ ದಾರವನ್ನು ಹಲ್ಲಲ್ಲಿ ಕಚ್ಚಿ ಗಂಟು ಹಾಕುತ್ತಿದ್ದ. ಮುಗಿಸಿ ಹೇಳಿದ.

"ಅವ್ಳು ನಿಮ್ಮುನ್ನ ಮಾಮ ಅಂತಾಳೆ. ಅದು ಕೆಡಬಾರ್ದು ಮುದಲಾಳಿ."

"ವೀಡಿಯೊ ಬಂದ್ರೆ?"

"ಕಟ್ ಮಾಡವ್ರೆ ಅಂದ್ಬುಡಿ. ಕಟ್ ಮಾಡ್ತಾರಲ್ಲ, ಉದ್ದ ಇದ್ರೆ."

ಅದನ್ನೂ ಯೋಚಿಸಿಟ್ಟಿದ್ದಾನೆ, ನನಗಾಗಿ.

"ನಿನ್ನ ತಮ್ಮನ ಹೆಸರೇನು?"

ದಾರವನ್ನು ಟೇಬಲ್ ಮೇಲಿಟ್ಟ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದೆ.

"ಸೂಸೈ. ಅದ್ನೇಳು ವರ್ಸ."

ಎದ್ದು ಹಿತ್ತಲಿನ ನಲ್ಲಿಗೆ ಹೋದ. ದಾರ ಟೇಬಲ್ ಮೇಲಿದೆ, ಈ ಪುಟದ ಪಕ್ಕದಲ್ಲೇ. ನನ್ನ ಮಣಿಕಟ್ಟಿಗೆ ಹಾಕಿ ನೋಡಿದೆ. ಬಿಗಿಯಾಗಿದೆ. ತೆಗೆದಿಟ್ಟೆ.

10.20

ವೀಡಿಯೊ ಬಂದಿದೆ. ನಾಲ್ಕು ನಿಮಿಷ. ಏನೂ ಕಟ್ ಮಾಡಿಲ್ಲ.

ಪರಿಮಳ ಜೆರಾಕ್ಸ್ ಅಂಗಡಿಯಿಂದ ಹೊರಗೆ ಬಂದಳು. ಕೈಯಲ್ಲಿ ಫೋನು. ಇನ್ನೂ ನೋಡಿದಂತಿಲ್ಲ, ಒಟ್ಟಿಗೆ ನೋಡಬೇಕಲ್ಲ. ಸತ್ಯಮಂಗಲದ ಬಸ್ಸಿಗೆ ದಾರಿ ಬಿಟ್ಟು ನಿಂತಿದ್ದಾಳೆ. ಬಸ್ಸು ದಾಟುವವರೆಗೆ ಟೈಮಿದೆ. ಅವಳು ಫೋನ್ ಒತ್ತುವ ಮೊದಲು ಹೇಳಬೇಕು. ನಿಮ್ಮಪ್ಪ ಹೇಳಿದ್ದು ನಡೆಯಲಿಲ್ಲ, ಅಲ್ಲಿ ನಾನು ಹೇಳಿದ್ದು ಬೇರೆ. ಅಲ್ಲ, ಅದಕ್ಕೂ ಮೊದಲು ಆ ಹುಡುಗನ ಹೆಸರು. ಬಸ್ಸು ಹೋಯಿತು. ಪರಿಮಳ, ಕೂತ್ಕೊಮ್ಮ, ಸೂಸೈ ಅಂತ ಒಬ್ಬ