ಮಕ್ಕಾ ದಾದಿಗೆ ಹೇಳಬೇಕಾದ ಮಾತು

ಜನವರಿ ೨೮, ಮಂಗಳವಾರ. ದೊಡ್ಡಬಳ್ಳಾಪುರ

ಬೆಳಿಗ್ಗೆ ಥೀಸಿಸಿನ ಎರಡು ಪುಟ ಬರೆದೆ. ೧೮೪೬ರಲ್ಲಿ ಟ್ಯುನಿಸಿನ ಅರಸ ಗುಲಾಮಗಿರಿ ರದ್ದು ಮಾಡಿದ್ದು. ಅವನ ವಾದ ಯಾವ ವಕೀಲನೂ ಮೆಚ್ಚುವಂಥದು — ಮನುಷ್ಯ ಮೂಲತಃ ಸ್ವತಂತ್ರ. ಈ ಗುಲಾಮರನ್ನೆಲ್ಲ ಧರ್ಮಬದ್ಧವಾಗಿಯೇ ಹಿಡಿದು ತಂದರೆಂಬುದು ಅನುಮಾನ.

ವಕೀಲನಾದ ನನಗೆ ಅರವತ್ತೆರಡರಲ್ಲಿ ಗುಲಾಮಗಿರಿ ಕಾನೂನಿನ ಮೇಲೆ ಪಿಎಚ್‌ಡಿ ಹುಚ್ಚು. ಹೆಂಡತಿ ಬಶೀರಾ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ತಂದು ಪುಸ್ತಕದ ಮೇಲೆಯೇ ಇಟ್ಟಳು. "ಸುಲ್ತಾನರಿಗೆ ಬುದ್ಧಿ ಹೇಳಿದ್ದು ಸಾಕು. ಇದನ್ನ ಹಿದುಕಿ."

ಹಿದುಕಿದೆ. ಇವಳಿಲ್ಲದಿದ್ದರೆ ಕಾಗದ ತಿಂದು ಬದುಕಬೇಕಿತ್ತು.

ಫೆಬ್ರವರಿ ೨, ಭಾನುವಾರ

ಕೆಲಸ ಕೆಟ್ಟಿತು. ನೆಲಮಂಗಲದಿಂದ ಬೀಗರು ಬಂದಿದ್ದರು, ಮಗಳು ಫರ್ಹಾಳ ಅತ್ತೆ-ಮಾವ. ಚಹಾ ಕುಡಿಯುತ್ತ ಬಶೀರಾ ಎಂದಿನ ಹೆಮ್ಮೆಯ ಕಥೆ ತೆಗೆದಳು. ಅವಳ ಮುತ್ತಜ್ಜಿ ಗುಲ್ನಾರ್, ಮನೆಯವರ ಬಾಯಲ್ಲಿ 'ಮಕ್ಕಾ ದಾದಿ', ಮಕ್ಕಾದ ಅಜ್ಜಿ. ಹಜ್‌ಗೆ ಹೋದ ಹಿರಿಯರು ಎಂಟು ವರ್ಷದ ಆ ಹುಡುಗಿಯನ್ನು ಕರೆತಂದು, ಬೆಳೆಸಿ, ಮಗನಿಗೆ ಮದುವೆ ಮಾಡಿಕೊಂಡರು. ಹಾಗಾಗಿ ತಮ್ಮದು ಅರಬ್ ವಂಶ.

ಮೂವತ್ತೈದು ವರ್ಷದಿಂದ ಕೇಳಿದ ಕಥೆ. ಇವತ್ತು ನನ್ನೊಳಗಿನ ವಕೀಲ ಎದ್ದು ನಿಂತ. "ಎಂಟು ವರ್ಷದ ಮಗಳನ್ನ ಯಾವ ತಂದೆ ಹಾಜಿ ಜೊತೆ ಹಡಗು ಹತ್ತಿಸ್ತಾನೆ? ಅವಳು ಮಕ್ಕಾದವಳಲ್ಲ ಬಶೀರಾ, ಮಕ್ಕಾದಲ್ಲಿ ಕೊಂಡವಳು. ಬಾಂದಿ, ಗುಲಾಮ ಹುಡುಗಿ. ಆಗ ಹಾಜಿಗಳು ಹಾಗೆ ತರ್ತಿದ್ರು."

ಬೀಗರು ಬಟ್ಟಲು ಕೆಳಗಿಟ್ಟರು. ಬಶೀರಾ ಒಳಗೆ ಹೋದಳು.

ಫೆಬ್ರವರಿ ೪

ಊಟ ಬರುತ್ತದೆ, ಮಾತು ಬರುವುದಿಲ್ಲ. ಗೈಡ್ ಉಮಾಶಂಕರ್ ಫೋನ್ ಮಾಡಿದ್ದರು. ವಿಷಯ ಹೇಳಿದೆ. "ಸಾರ್, ಒಂದು ಚಾಪ್ಟರೇ ಆಗುತ್ತೆ. ಬಿಡ್ಬೇಡಿ."

ಬಶೀರಾ ಬೇಡವೆಂದರೆ ಬರೆಯುವುದಿಲ್ಲ ಅಂದೆ. ಥೀಸಿಸ್ ಬಡವಾದರೆ ಆಗಲಿ. ಈ ಮನೆಯಲ್ಲಿ ಅವಳ ದನಿ ಇಲ್ಲದೆ ನನಗೆ ದಿನ ಕಳೆಯುವುದಿಲ್ಲ.

ಫೆಬ್ರವರಿ ೯, ಭಾನುವಾರ. ಮಧ್ಯಾಹ್ನ

ಮಾತಾಡಿದಳು. ಬಟ್ಟೆ ಮಡಚುತ್ತ, ಗೋಡೆ ನೋಡಿಕೊಂಡು. "ಆ ಕಾಲಕ್ಕೆ ಕಾನೂನು ಇರ್ಲಿಲ್ವಾ?"

"ಆಗ ಮಕ್ಕಾ ಆಳ್ತಿದ್ದ ಟರ್ಕಿಯವರು ಗುಲಾಮರ ವ್ಯಾಪಾರ ನಿಲ್ಲಿಸಿದ್ರು. ಆದ್ರೆ ಮಕ್ಕಾ ಕಡೆಗೆ ವಿನಾಯಿತಿ ಕೊಟ್ಬಿಟ್ರು."

"ಇಲ್ಲಿ?"

"ಇಲ್ಲಿ ೧೮೪೩ರ ಕಾಯ್ದೆ ಇತ್ತು. ಬಾಂಬೆಯಲ್ಲಿ ಇಳಿದ ಮೇಲೆ, ಇವಳು ನನ್ನವಳು ಅಂತ ಹಾಜಿ ಸಾಹೇಬರು ಹೇಳಿದ್ರೆ ಯಾವ ಕೋರ್ಟೂ ಒಪ್ತಿರ್ಲಿಲ್ಲ. ಅಲ್ಲೇ ಅವಳು ಬಿಡುಗಡೆ."

ದುಪಟ್ಟಾ ಕೈಯಲ್ಲೇ ಉಳಿಯಿತು. "ಅವಳಿಗೆ ಗೊತ್ತಿತ್ತಾ?"

"ಯಾರು ಹೇಳ್ತಾರೆ?"

ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಆದರೆ ಇದು ಸಿಟ್ಟಲ್ಲ. ಅಳುತ್ತಿದ್ದಳು.

ಫೆಬ್ರವರಿ ೧೩, ಗುರುವಾರ. ಸಂಜೆ

ಶಬೇ ಬರಾತ್. ಹಲ್ವಾ ಮುಂದಿಟ್ಟು ಮನೆಯಲ್ಲಿ ತೀರಿಕೊಂಡವರಿಗೆಲ್ಲ ಫಾತಿಹಾ ಪ್ರಾರ್ಥನೆ. ಪ್ರತಿವರ್ಷ ಓದುವವನು ನಾನೇ. ಹೆಸರು ಹೇಳಿಕೊಡುವವಳು ಬಶೀರಾ. ಗುಲ್ನಾರ್ ಹೆಸರು ಈ ಸಲ ಬರುತ್ತದೋ ಇಲ್ಲವೋ ಎಂದು ಅವಳ ಬಾಯಿಯನ್ನೇ ನೋಡುತ್ತಿದ್ದೆ.

ಬಂತು. ಎಲ್ಲರಿಗಿಂತ ಮೊದಲು.

ಓದಲು ಬಾಯಿ ತೆರೆದೆ. ಕೈ ಹಿಡಿದು ನಿಲ್ಲಿಸಿದಳು. "ನಿಮ್ಮ ಥೀಸಿಸಲ್ಲಿ ಬರ್ಕೊಳ್ಳಿ, ಬೇಡ ಅನ್ನಲ್ಲ. ಮೊದಲು ಅವಳಿಗೆ ಹೇಳಿ."

"ಏನ್ ಹೇಳ್ಲಿ?"

"ಬಾಂಬೆ ವಿಷಯ. ವಕೀಲರಲ್ವಾ ನೀವು."

ಹೆಂಡತಿಯ ಮುಖ ನೋಡಿದೆ. ತಮಾಷೆ ಇರಲಿಲ್ಲ. ಟೋಪಿ ಸರಿ ಮಾಡಿಕೊಂಡೆ. "ಮಕ್ಕಾ ದಾದಿ, ನಾನು ಅನೀಸ್, ನಿಮ್ಮ ಬಶೀರಾಳ ಗಂಡ. ನೀವು ಹಡಗಿಂದ ಇಳಿದ ದಿನಾನೇ..."

ಕೋರ್ಟಿನಲ್ಲಿ ವಾದವನ್ನು ಎಂದೂ ಅರ್ಧಕ್ಕೆ ಬಿಡದ ನಾನು ಬಶೀರಾಳ ಕಡೆ ತಿರುಗಿದೆ. ಉಳಿದದ್ದನ್ನು ಬಶೀರಾ ಹೇಳಿದಳು, ಮಲಗಿದ ಮಗುವನ್ನು ಎಬ್ಬಿಸುವ ದನಿಯಲ್ಲಿ. ಅವಳ ಮಾತನ್ನು ಹಾಗೆಯೇ ಬರೆದಿಡಬೇಕು. ಅವಳು ಅಂದದ್ದು — "ಎದ್ದೇಳಿ ದಾದಿ, ಬಾಂಬೆಯಲ್ಲಿ ಕಾಲಿಟ್ಟ ದಿನದಿಂದ ನೀವು ಯಾರ ಬಾಂದಿಯೂ ಅಲ್ಲ, ನಿಮಗೆ ಯಾರೂ ಹೇಳ್ಲಿಲ್ಲ ಅಷ್ಟೆ."